ಸ್ವಿಚ್‌ನ ನಿರ್ವಹಣಾ ಪುಟ ತೆರೆಯದಿದ್ದಾಗ: ನೆಟ್‌ವರ್ಕ್ ದಾರಿಯೋ, ಕನ್ಸೋಲ್ ಕೇಬಲ್ಲೋ?

ಸ್ವಿಚ್ (ಜಾಲದ ಸಾಧನಗಳನ್ನು ಕೇಬಲ್‌ಗಳಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ತನ್ನ ಪಾಡಿಗೆ ಡೇಟಾ ಸಾಗಿಸುತ್ತಿದ್ದರೂ ಅದರ ನಿರ್ವಹಣಾ ಪುಟ ಮಾತ್ರ ತೆರೆಯದಿದ್ದಾಗ, ನೆಟ್‌ವರ್ಕ್ ಮೂಲಕವೇ ದೋಷ ಹುಡುಕಬಹುದು, ಇಲ್ಲವೇ ಸ್ವಿಚ್‌ಗೆ ಆದೇಶ ಕೊಡಲೆಂದೇ ಇರುವ ಕನ್ಸೋಲ್ ಪೋರ್ಟಿಗೆ ಕೇಬಲ್ ಜೋಡಿಸಿ ನೇರವಾಗಿ ಒಳಹೋಗಬಹುದು.

ಮೊದಲನೆಯದನ್ನು ಕುಳಿತಲ್ಲಿಂದಲೇ ಆರಂಭಿಸಬಹುದು. ಪಿಂಗ್‌ಗೆ (ಸಾಧನ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಉತ್ತರ ಬಂದರೂ ಪುಟ ತೆರೆಯದಿದ್ದರೆ, ವೆಬ್ ಸೇವೆ ನಿಂತಿರುವ ಅಥವಾ ಸುರಕ್ಷಿತ ವೆಬ್ ಪುಟಗಳು ಬಳಸುವ 443ನೇ ಪೋರ್ಟನ್ನು (ಇಲ್ಲಿ ಪೋರ್ಟ್ ಎಂದರೆ ಸೇವೆಯ ಸಂಖ್ಯೆ, ಕೇಬಲ್ ಕಿಂಡಿಯಲ್ಲ) ಯಾವುದೋ ನಿಯಮ ತಡೆದಿರುವ ಸಾಧ್ಯತೆ ಹೆಚ್ಚು. ಆಗ 22ನೇ ಪೋರ್ಟಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಆದೇಶ ಟೈಪಿಸುವ ಸುರಕ್ಷಿತ ಸಂಪರ್ಕ) ಪ್ರಯತ್ನಿಸಬೇಕು. ಉತ್ತರಿಸುತ್ತಿರುವುದು ಅದೇ ವಿಳಾಸ ಪಡೆದ ಬೇರೊಂದು ಸಾಧನವಲ್ಲವೆಂದು ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ವಿಳಾಸ ಯಾವ ಯಂತ್ರಾಂಶ ವಿಳಾಸದ್ದೆಂದು ತೋರಿಸುವ ಪಟ್ಟಿ) ಖಚಿತಪಡಿಸಿಕೊಳ್ಳುವುದನ್ನು ಹಲವರು ಮರೆಯುತ್ತಾರೆ. ಪಿಂಗ್‌ಗೇ ಉತ್ತರವಿಲ್ಲದಿದ್ದರೆ, ಲ್ಯಾಪ್‌ಟಾಪಿಗೆ ಅದೇ ಸಬ್‌ನೆಟ್‌ನ (ಸ್ವಿಚ್‌ನ ಐಪಿ ಇರುವ ವಿಳಾಸಗಳ ಗುಂಪು) ಸ್ಥಿರ ವಿಳಾಸ ಕೊಟ್ಟು, ನಿರ್ವಹಣಾ ವಿಲ್ಯಾನ್‌ಗೆ (ವಿಲ್ಯಾನ್ ಎಂದರೆ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಸೇರಿದ ಪೋರ್ಟಿಗೇ ಜೋಡಿಸಿ ನೋಡಬೇಕು. ಆ ವಿಲ್ಯಾನ್ ಯಾವುದೆಂದೇ ತಿಳಿಯದಿದ್ದರೆ ಈ ದಾರಿ ಅಲ್ಲಿಗೆ ಮುಗಿಯುತ್ತದೆ.

ಕನ್ಸೋಲ್ ಐಪಿಯನ್ನಾಗಲಿ ವಿಲ್ಯಾನ್ ಅನ್ನಾಗಲಿ ಅವಲಂಬಿಸುವುದಿಲ್ಲ ಎಂಬುದೇ ಅದರ ದೊಡ್ಡ ಬಲ. ಕನ್ಸೋಲ್ ಸಂಪರ್ಕದ ವೇಗ ಹಲವು ಸ್ವಿಚ್‌ಗಳಲ್ಲಿ 9600 ಬಾಡ್, ಕೆಲವದರಲ್ಲಿ 115200; ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಕಂಡರೆ ಮೊದಲು ಅದನ್ನೇ ಬದಲಿಸಿ ನೋಡಬೇಕು. ಆದರೆ ಸ್ವಿಚ್‌ನ ಬಳಿಗೆ ಹೋಗಲೇಬೇಕು, ಅಗ್ಗದ ಮಾದರಿಗಳಲ್ಲಿ ಈ ಪೋರ್ಟೇ ಇಲ್ಲದಿರಬಹುದು.

ಇತ್ತೀಚೆಗೆ ವಿಲ್ಯಾನ್ ಅಥವಾ ಐಪಿ ಬದಲಿಸಿದ ಮೇಲೆ ಸಂಪರ್ಕ ಕಡಿದಿದ್ದರೆ ನೇರವಾಗಿ ಕನ್ಸೋಲ್ ಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ. ಉಳಿದ ಸಂದರ್ಭಗಳಲ್ಲಿ ನೆಟ್‌ವರ್ಕ್‌ನಿಂದ ಆರಂಭಿಸಬಹುದು. ಫ್ಯಾಕ್ಟರಿ ರೀಸೆಟ್ ಎಲ್ಲ ಸಂರಚನೆಯನ್ನೂ ಅಳಿಸುವುದರಿಂದ, ಎರಡೂ ದಾರಿಗಳು ಮುಚ್ಚುವವರೆಗೆ ಅದರತ್ತ ಕೈಚಾಚಬೇಡಿ.