ಹುಬ್ಬಳ್ಳಿ-ಬೆಂಗಳೂರು ಎಟಿಆರ್: ಆರು ವರ್ಷ ಓಡಾಡಿದ ಮೇಲೆ

ಗೋಕುಲ ರೋಡಿನಲ್ಲಿ ನನ್ನದು ಸಣ್ಣ ಲೇಥ್ ವರ್ಕ್‌ಶಾಪ್. ಪೀಣ್ಯದ ಕೆಲಸಕ್ಕೆ ತಿಂಗಳಿಗೊಮ್ಮೆಯಾದರೂ ಬೆಂಗಳೂರಿಗೆ ಹೋಗುತ್ತೇನೆ, ಹೆಚ್ಚಾಗಿ ಎಟಿಆರ್ 72-600 ವಿಮಾನದಲ್ಲೇ. "ಫ್ಯಾನಿನ ವಿಮಾನ, ಹೆದರಿಕೆ ಆಗಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ನನಗೆ ಆ ಫ್ಯಾನೇ ಇಷ್ಟ.

ಅದು ಹಳೇ ಕಾಲದ್ದೇನಲ್ಲ. ಒಳಗಿರುವುದು ಟರ್ಬೈನ್, ಅಂದರೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಚಕ್ರ. ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು 1200ಕ್ಕೆ ಇಳಿಸಿ ಆರು ಬ್ಲೇಡಿನ ಪ್ರೊಪೆಲ್ಲರಿಗೆ ಕೊಡುತ್ತದೆ. ದಿನವಿಡೀ ಗೇರ್ ಜೊತೆ ಇರುವವನಿಗೆ ಇದೆಂಥ ಕೆಲಸ ಅಂತ ಗೊತ್ತು. ಮೇಲೇರಿದ ಸ್ವಲ್ಪ ಹೊತ್ತಿಗೆ ಪ್ರೊಪೆಲ್ಲರಿನ ಸುತ್ತು ಆ 1200ರ ಶೇ. 82ಕ್ಕೆ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ಹೊಸಬರು ಇಂಜಿನ್ ನಿಂತಿತೇನೋ ಅಂತ ಗಾಬರಿಯಾಗುತ್ತಾರೆ. ಹಾಗೇನಿಲ್ಲ, ಆರಾಮಾಗಿ ಕೂತ್ಕೊಳ್ಳಿ. ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್‌ಗಿಂತ ಕಡಿಮೆ. ಆದರೆ ಇಷ್ಟು ಹತ್ತಿರದ ಊರಿಗೆ ಅದರಿಂದ ದೊಡ್ಡ ವ್ಯತ್ಯಾಸವಿಲ್ಲ, ಇಂಧನವೂ ಉಳಿಯುತ್ತದೆ.

ಒಮ್ಮೆ ಹತ್ತುವಾಗ ಬಲಗಡೆ ಇಂಜಿನ್ ಮೊರೆಯುತ್ತಿತ್ತು, ಪ್ರೊಪೆಲ್ಲರ್ ಮಾತ್ರ ಅಲುಗಾಡದೆ ನಿಂತಿತ್ತು. ತಂಗಿಯ ಮಗ ವಿಮಾನದ ಮೆಕ್ಯಾನಿಕ್. ಅವನನ್ನೇ ಕೇಳಿದೆ. "ಮಾಮಾ, ಫ್ಯಾನಿಗೆ ಬ್ರೇಕ್ ಹಾಕಿರ್ತಾರ, ಇಂಜಿನ್ ಚಾಲೂನ ಇರ್ತದ. ಹೋಟೆಲ್ ಮೋಡ್ ಅಂತಾರ" ಅಂದ. ಜೆಟ್‌ಗಳ ಬಾಲದಲ್ಲಿರುವ ಸಣ್ಣ ಇಂಜಿನ್ ಇದಕ್ಕಿಲ್ಲ. ನಿಂತಾಗ ಕರೆಂಟು, ತಣ್ಣನೆ ಗಾಳಿ ಕೊಡಲು ಈ ಉಪಾಯ. ಹಿಂದಿನ ಬಾಗಿಲಲ್ಲಿ ಜನ ಹತ್ತುವಾಗ ಬಾಲ ಕೆಳಗೆ ಕೂರಬಾರದು ಅಂತ ಅಲ್ಲೊಂದು ಕಂಬ ಕೊಟ್ಟಿರುತ್ತಾರೆ. ಅದನ್ನೂ ನೋಡಿ.

ಒಂದು ಬೇಸರ ಇದೆ. ಒಂದು ಮಳೆಗಾಲದಲ್ಲಿ ಎಲ್ಲರೂ ಕೂತ ಮೇಲೆ ಇಳಿಸಿದರು. ಮೂರು ತಾಸು ಕಾದೆವು. ಟರ್ಮಿನಲ್ ಗಾಜಿನಿಂದ ನೋಡಿದರೆ ಇಂಜಿನ್ ಮುಚ್ಚಳ ತೆರೆದಿತ್ತು, ಏಣಿ ಮೇಲೆ ಇಬ್ಬರು ಟಾರ್ಚ್ ಹಿಡಿದು ಒಳಗೆ ಇಣುಕುತ್ತಿದ್ದರು. ಅನುಮಾನ ಬಂದ ಮಷೀನ್ ನಿಲ್ಲಿಸಿದ್ದು ಸರಿ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಏನಾಗಿದೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಹೆದರಿ ಟಿಕೆಟ್ ಬಿಟ್ಟು ಮನೆಗೆ ಹೋದರು. ಒಂದು ಮಾತು ಹೇಳಿದ್ದರೆ ಅವರು ಉಳಿಯುತ್ತಿದ್ದರು.

ಒಂದೇ ವಿಮಾನ ದಿನಕ್ಕೆ ಹಲವು ಸಲ ಹಾರುತ್ತದೆ, ಬೆಳಗಿನ ತಡ ಸಂಜೆಗೆ ಬೆಳೆಯುತ್ತದೆ. ಹಾಗಾಗಿ ಮೊದಲ ವಿಮಾನವೇ ವಾಸಿ. ದೊಡ್ಡ ಟ್ರಾಲಿ ಬ್ಯಾಗ್ ಸೀಟಿನ ಮೇಲಿನ ಗೂಡಿನಲ್ಲಿ ಹಿಡಿಸಲ್ಲ. ಪ್ರೊಪೆಲ್ಲರ್ ಹತ್ತಿರದ ಮುಂದಿನ ಸಾಲುಗಳಲ್ಲಿ ಸದ್ದು ಜಾಸ್ತಿ. ರೆಕ್ಕೆಯಿಂದ ಸ್ವಲ್ಪ ಹಿಂದಿನ ಕಿಟಕಿ ಕೇಳಿ. ಇಳಿಯುವಾಗ ಚಕ್ರ ಹೊರಬರುವುದು ಕಾಣುತ್ತದೆ. ಟೈರು ರನ್‌ವೇಗೆ ತಾಗಿ ಹೊಗೆ ಏಳುವುದನ್ನು ನಾನು ಇವತ್ತಿಗೂ ಬಿಡದೆ ನೋಡುತ್ತೇನೆ.