“ಖಾಲಿ ಇದೆ” ಅಂದ ಪಂಪ್ ಶಾಟ್‌ಗನ್ನಿಂದ ಈಡು ಹಾರಿತು: ಟ್ಯೂಬಿನೊಳಗೆ ನೋಡದೆ ನಂಬಬೇಡಿ

ಪಂಪ್ ಆಕ್ಷನ್ ಶಾಟ್‌ಗನ್ ಇಟ್ಟುಕೊಂಡವರು, ಈಗಷ್ಟೇ ಕಲಿಯುತ್ತಿರುವವರು, ಬೇರೆಯವರ ಗನ್ ಕೈಗೆ ತೆಗೆದುಕೊಳ್ಳುವವರು ಇದನ್ನೊಮ್ಮೆ ಓದಿ. ಪಂಪ್, ಅಂದರೆ ನಳಿಗೆಯ ಕೆಳಗೆ ಹಿಂದೆ ಮುಂದೆ ಸರಿಯುವ ಹಿಡಿ, ಎಳೆದಾಗ ಇನ್ನೇನೂ ಹೊರಗೆ ಬೀಳಲಿಲ್ಲ ಅಂದಮಾತ್ರಕ್ಕೆ ಗನ್ ಖಾಲಿಯಾಗಿದೆ ಅಂತಲ್ಲ. ನಮ್ಮ ಕಣ್ಣೆದುರೇ ಇದರಿಂದ ಅನಾಹುತ ಆಗಿದೆ. ಜೀವ ಹೋಗಲಿಲ್ಲ, ಅಷ್ಟೇ ಪುಣ್ಯ.

ಅವತ್ತು ಮಣ್ಣಿನ ಬಿಲ್ಲೆ ಹೊಡೆಯುವ ಅಭ್ಯಾಸ ಮುಗಿದಿತ್ತು. ಎಲ್ಲರೂ ಕಿವಿಯ ಮಫ್ ತೆಗೆದಿಟ್ಟು ತಗಡಿನ ಶೆಡ್ಡಿನೊಳಗೆ ಸಾಮಾನು ಜೋಡಿಸಿಕೊಳ್ಳುತ್ತಿದ್ದೆವು. ಪರಿಚಯದ ಹಿರಿಯರೊಬ್ಬರು ತಮ್ಮ 12 ಬೋರ್ ಪಂಪ್ ಗನ್ ಖಾಲಿ ಮಾಡುತ್ತಿದ್ದರು. ವರ್ಷಗಟ್ಟಲೆ ಗನ್ ಹಿಡಿದು ಪಳಗಿದ ಕೈ ಅವರದು. ಬೆಂಚಿನ ಮೇಲೆ ಅಡ್ಡಲಾಗಿ ಇಟ್ಟುಕೊಂಡೇ ಚಕಚಕ ಅಂತ ಪಂಪ್ ಎಳೆದರು. ತೋಟಾಗಳು ಒಂದೊಂದಾಗಿ ಬಿದ್ದವು. ಆಮೇಲೆ ಎರಡು ಸಲ ಎಳೆದರೂ ಏನೂ ಬರಲಿಲ್ಲ. ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂತು ಈಡಾಗುವ ಜಾಗದೊಳಗೆ, ಇಣುಕಿ ನೋಡಿ “ಖಾಲಿ” ಅಂದರು. ಭುಜಕ್ಕೆ ಒತ್ತುವ ಹಿಂತುದಿಯನ್ನು, ಅಂದರೆ ಗನ್ನಿನ ಬಟ್ ಅನ್ನು, ನೆಲಕ್ಕೆ ಕುಕ್ಕಿ, ಗನ್ನನ್ನು ಗೋಡೆಗೆ ಒರಗಿಸಿ ಬ್ಯಾಗಿನ ಕಡೆ ತಿರುಗಿದರು.

ಹೊಸದಾಗಿ ಸೇರಿದ್ದ ಹುಡುಗನೊಬ್ಬ “ಸಾರ್, ಪಂಪ್ ಎಷ್ಟು ಜೋರಾಗಿ ಎಳೀಬೇಕು?” ಅಂತ ಕೇಳಿದ. “ಅರ್ಧಂಬರ್ಧ ಎಳೀಬಾರದಪ್ಪ, ಇಲ್ನೋಡು” ಅಂತ ಅವರು ಗನ್ ಎತ್ತಿಕೊಂಡರು. ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಒಮ್ಮೆ ಎಳೆದು ತೋರಿಸಿದರು. ಈಡು ಹಾರಿಸುವ ಹ್ಯಾಮರಿನ ಸ್ಪ್ರಿಂಗ್ ಬಿಗಿಯಾಗಿ ಉಳಿಯಬಾರದು ಅಂತ ರೂಢಿಯಂತೆ ಟ್ರಿಗರ್ ಒತ್ತಿದರು.

ಈಡು ಹಾರಿತು. ನಳಿಗೆ ಮೇಲಕ್ಕಿತ್ತು, ಹಾಗಾಗಿ ಬದುಕಿದೆವು. ತಗಡಿನ ಸೂರಿನಲ್ಲಿ ನಿಂಬೆಹಣ್ಣಿನಷ್ಟು ತೂತು. 12 ಬೋರ್ ಈಡಿನ ಸದ್ದು 150 ಡೆಸಿಬಲ್ ದಾಟುತ್ತದೆ, ಅದೂ ಮುಚ್ಚಿದ ಶೆಡ್ಡಿನೊಳಗೆ, ಬರಿಗಿವಿಯಲ್ಲಿ. ಸುಮಾರು ಹೊತ್ತು ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ನನ್ನ ಎಡಗಿವಿಯಲ್ಲಿ ಕುಂಯ್ ಅನ್ನುವ ಸದ್ದು ಇವತ್ತಿಗೂ ನಿಂತಿಲ್ಲ. ಡಾಕ್ಟರು ಇದರ ಜೊತೆಗೇ ಬದುಕುವುದನ್ನು ರೂಢಿ ಮಾಡಿಕೊಳ್ಳಿ ಅಂದರು.

ಅವರು ಸುಳ್ಳು ಹೇಳಿರಲಿಲ್ಲ. ಇಣುಕಿದಾಗ ಚೇಂಬರ್ ನಿಜವಾಗಿಯೂ ಖಾಲಿಯೇ ಇತ್ತು. ತೋಟಾ ಇದ್ದದ್ದು ನಳಿಗೆಯ ಕೆಳಗಿನ ಮ್ಯಾಗಝಿನ್ ಟ್ಯೂಬಿನಲ್ಲಿ.

ಈ ಗನ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಆದದ್ದೇನು ಅಂತ ಅರ್ಥವಾಗುತ್ತದೆ. ಟ್ಯೂಬಿನೊಳಗೆ ಉದ್ದಕ್ಕೆ ಒಂದು ಸ್ಪ್ರಿಂಗ್ ಇರುತ್ತದೆ. ಅದರ ತುದಿಯಲ್ಲಿ ಬಟ್ಟಲಿನ ಆಕಾರದ ಒಂದು ತುಂಡು, ಫಾಲೋವರ್ ಅಂತ ಕರೆಯುತ್ತಾರೆ. ತೋಟಾಗಳನ್ನು ಹಿಂದಕ್ಕೆ ತಳ್ಳುವುದು ಅದರ ಕೆಲಸ. ಪಂಪ್ ಹಿಂದಕ್ಕೆ ಎಳೆದಾಗ ಚೇಂಬರಿನಲ್ಲಿದ್ದದ್ದು ಹೊರಗೆ ಹಾರುತ್ತದೆ, ಟ್ಯೂಬಿನಿಂದ ಇನ್ನೊಂದು ತೋಟಾ, ಅದನ್ನು ಮೇಲೆತ್ತುವ ಲಿಫ್ಟರ್ ಮೇಲೆ ಬಂದು ಕೂರುತ್ತದೆ. ಮುಂದಕ್ಕೆ ತಳ್ಳಿದರೆ ಅದು ಚೇಂಬರ್ ಸೇರುತ್ತದೆ. ಅಂದರೆ ಖಾಲಿ ಮಾಡುತ್ತೇನೆ ಅಂತ ಪಂಪ್ ಎಳೆಯುವವರು ಪ್ರತಿ ಸಲವೂ ಗನ್ನನ್ನು ಲೋಡ್ ಮಾಡುತ್ತಲೇ ಇರುತ್ತಾರೆ.

ಅವರ ಗನ್ನಿನಲ್ಲಿ ಫಾಲೋವರ್ ದಾರಿಯಲ್ಲೇ ಕಚ್ಚಿಕೊಂಡಿತ್ತು. ಕೊನೆಯ ತೋಟಾವನ್ನು ತಳ್ಳುವವರಿಲ್ಲ. ಗನ್ ಅಡ್ಡ ಮಲಗಿದ್ದಾಗ ಅದು ಅಲ್ಲೇ ಕೂತಿತು. ಬಟ್ ನೆಲಕ್ಕೆ ಕುಕ್ಕಿ ನಳಿಗೆ ಮೇಲಾದಾಗ ತನ್ನ ಭಾರಕ್ಕೆ ತಾನೇ ಜಾರಿ ಬಾಯಿಗೆ ಬಂತು. ಮುಂದಿನ ಸಲ ಪಂಪ್ ಎಳೆದಾಗ ನೆಟ್ಟಗೆ ಚೇಂಬರಿಗೆ.

ಆಮೇಲೆ ಬಂದೂಕು ರಿಪೇರಿ ಮಾಡುವವರ ಹತ್ತಿರ ಆ ಗನ್ ಬಿಚ್ಚಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಹೊರಗಿನಿಂದ ಗನ್ ಫಳಫಳ ಹೊಳೆಯುತ್ತಿತ್ತು. ನಳಿಗೆಯೊಳಗೂ ಕನ್ನಡಿ. ಆದರೆ ಟ್ಯೂಬಿನ ಮುಚ್ಚಳ ತೆಗೆದು ಸ್ಪ್ರಿಂಗ್ ಎಳೆದರೆ ಕಂದು ಬಣ್ಣದ ಅಂಟು. ಪ್ರತಿ ಸಲ ಸ್ಪ್ರೇ ಹೊಡೆದ ಎಣ್ಣೆ, ಅದಕ್ಕೆ ಹತ್ತಿದ ಮದ್ದಿನ ಮಸಿ, ಧೂಳು ಎಲ್ಲ ಸೇರಿ ಗಟ್ಟಿಯಾಗಿತ್ತು. ಸ್ಪ್ರಿಂಗಿನ ನಾಲ್ಕಾರು ಸುತ್ತಿಗೆ ತುಕ್ಕು ಹಿಡಿದಿತ್ತು. ಬಿಚ್ಚುವ ಮುಂಚೆ ಅವರು ಒಂದು ಮರದ ಕಡ್ಡಿಯಿಂದ ಫಾಲೋವರನ್ನು ಒಳಕ್ಕೆ ಒತ್ತಿ ಬಿಟ್ಟಿದ್ದರು. ಟಕ್ ಅಂತ ವಾಪಸ್ ಬರಬೇಕಾದದ್ದು ನಿಧಾನಕ್ಕೆ ತೆವಳಿ, ಬಾಯಿಗೆ ನಾಲ್ಕು ಬೆರಳು ಇರುವಾಗಲೇ ನಿಂತುಬಿಟ್ಟಿತು. “ಎಣ್ಣೆ ಹಾಕ್ತಾರೆ, ಒರೆಸಲ್ಲ” ಅಂದರು. ನನ್ನ ಪ್ರಕಾರ ಗನ್ ಹಾಳು ಮಾಡುವುದರಲ್ಲಿ ಎಣ್ಣೆ ಹಾಕದವರಿಗಿಂತ ಜಾಸ್ತಿ ಹಾಕುವವರೇ ಮುಂದೆ.

ಈಗ ಖಾಲಿ ಮಾಡುವ ವಿಷಯ. ನಳಿಗೆ ಯಾರೂ ಇಲ್ಲದ, ಗುಂಡು ಹೋದರೂ ಪರವಾಗಿಲ್ಲ ಅನ್ನುವ ದಿಕ್ಕಿಗೆ. ಬೆರಳು ಟ್ರಿಗರಿನ ಹತ್ತಿರವೂ ಬೇಡ. ಸೇಫ್ಟಿ ಹಾಕಿ. ಸಾಮಾನ್ಯವಾಗಿ ಸೇಫ್ಟಿ ಹಾಕಿದ್ದರೂ ಪಂಪ್ ಎಳೆಯಬಹುದು, ಲಾಕ್ ಬಿಡಿಸುವ ಗುಂಡಿ ಒತ್ತಿಕೊಂಡರೆ ಆಯ್ತು. ಮೊದಲು ಚೇಂಬರಿನ ತೋಟಾ ತೆಗೆಯಿರಿ. ಆಮೇಲೆ ಪಂಪ್ ಆಡಿಸುವ ಬದಲು ಗನ್ನಿನ ಹೊಟ್ಟೆಯ ಕಡೆಯಿಂದ ಬೆರಳು ಹಾಕಿ, ತೋಟಾ ತಡೆಯುವ ಪಟ್ಟಿಯನ್ನು ಒತ್ತಿದರೆ ಟ್ಯೂಬಿನಲ್ಲಿರುವುದು ಒಂದೊಂದಾಗಿ ಅಂಗೈಗೆ ಜಾರುತ್ತದೆ. ಯಾವುದೂ ಚೇಂಬರ್ ಸೇರುವುದಿಲ್ಲ. ಆ ಪಟ್ಟಿ ಎಲ್ಲಿದೆ, ಹೇಗೆ ಒತ್ತಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಿಮ್ಮ ಗನ್ನಿನ ಪುಸ್ತಕ ನೋಡಿ.

ಇಷ್ಟಾದ ಮೇಲೆ ಬೆಳಕಿಗೆ ಹಿಡಿದು ಟ್ಯೂಬಿನ ಬಾಯಿ ನೋಡಿ. ಅಲ್ಲಿ ಫಾಲೋವರಿನ ಮುಖ ಕಾಣಬೇಕು. ಹಿತ್ತಾಳೆ ಕಂಡರೆ ತೋಟಾ ಇದೆ. ಏನೂ ಕಾಣದೆ ಬರೀ ಕತ್ತಲೆಯ ಕೊಳವೆ ಕಂಡರೆ ಅದು ಇನ್ನೂ ಕೆಟ್ಟದ್ದು, ಫಾಲೋವರ್ ಒಳಗೆಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಕಿರುಬೆರಳು ಹಾಕಿ ಮುಟ್ಟಿ ನೋಡಿ, ಒತ್ತಿ ಬಿಡಿ, ಸ್ಪ್ರಿಂಗಿನ ಜೀವ ಬೆರಳಿಗೆ ಗೊತ್ತಾಗುತ್ತದೆ. ಹಾಗೇ ಚೇಂಬರಿಗೂ ಬೆರಳು. ಸಂಜೆಗತ್ತಲಲ್ಲಿ ಕಣ್ಣನ್ನಷ್ಟೇ ನಂಬಬೇಡಿ.

ಸೇಫ್ಟಿ ಇದೆಯಲ್ವಾ ಅನ್ನುವವರಿಗೆ ಒಂದು ಮಾತು. ಬಹುಪಾಲು ಪಂಪ್ ಗನ್‌ಗಳಲ್ಲಿ ಸೇಫ್ಟಿ ಹಿಡಿಯುವುದು ಟ್ರಿಗರನ್ನು ಮಾತ್ರ. ಒಳಗಿನ ಹ್ಯಾಮರ್ ಎಳೆದುಕೊಂಡೇ ನಿಂತಿರುತ್ತದೆ. ಭಾಗಗಳು ಸವೆದಿದ್ದರೆ ಗನ್ ಕೆಳಗೆ ಬಿದ್ದ ಏಟಿಗೂ ಈಡಾಗಬಹುದು. ಹಳೇ ಗನ್ ಆದರೆ ಇನ್ನೊಂದು ಸಂಗತಿ. ವಿಂಚೆಸ್ಟರ್ 1897, ಆಮೇಲೆ 1912ರಲ್ಲಿ ಬಂದ ಮಾಡೆಲ್ 12, ಇವುಗಳಲ್ಲಿ ಟ್ರಿಗರ್ ಒತ್ತಿ ಹಿಡಿದುಕೊಂಡೇ ಪಂಪ್ ಮುಂದಕ್ಕೆ ತಳ್ಳಿದರೆ ಚೇಂಬರಿನ ಹಿಂಬದಿಗೆ ಬಂದು ಕೂರುವ ಬೋಲ್ಟ್ ಮುಚ್ಚಿದ ತಕ್ಷಣ ಈಡು ಹಾರುತ್ತದೆ. 1950ರ ರೆಮಿಂಗ್ಟನ್ 870ರಂಥ ಈಚಿನ ಗನ್‌ಗಳಲ್ಲಿ ಹಾಗಾಗದಂತೆ ತಡೆ ಇದೆ. ಆ ಅಭ್ಯಾಸದಲ್ಲಿ ಹಳೇ ಗನ್ ಎತ್ತಿಕೊಂಡರೆ ಕಷ್ಟ.

ಪಂಪ್ ಗನ್ನಿಗೇ ವಿಶೇಷವಾದ ಇನ್ನೊಂದು ಅಪಾಯ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಟ್ರಿಗರ್ ಒತ್ತಿದಿರಿ, ಕ್ಲಿಕ್ ಅಂತು, ಈಡು ಹಾರಲಿಲ್ಲ. ಹ್ಯಾಮರ್ ಬಿದ್ದಾಗ ಪಂಪಿನ ಲಾಕ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ರೂಢಿಯ ಕೈ ತಕ್ಷಣ ಹಿಂದಕ್ಕೆ ಎಳೆಯುತ್ತದೆ. ಮದ್ದು ತಡವಾಗಿ ಹೊತ್ತಿಕೊಂಡರೆ ಬಾಯಿ ತೆರೆದ ಗನ್ನಿನಲ್ಲಿ, ಮುಖದ ಹತ್ತಿರವೇ ತೋಟಾ ಸಿಡಿಯುತ್ತದೆ. ಕ್ಲಿಕ್ ಅಂದರೆ ಹಾಗೇ ನಿಲ್ಲಿ. ನಳಿಗೆ ಗುರಿಯ ಕಡೆಗೇ ಇರಲಿ, ಮುಂದಿನ ಹಿಡಿಯನ್ನು ಮುಂದಕ್ಕೆ ಒತ್ತಿ ಹಿಡಿಯಿರಿ, ಕನಿಷ್ಠ 30 ಸೆಕೆಂಡು ಕಾಯಿರಿ. ಒಂದು ನಿಮಿಷ ಕಾದರೆ ಇನ್ನೂ ಒಳ್ಳೆಯದು.

ಈಡಿನ ಸದ್ದು ಮೆತ್ತಗೆ ಪುಸ್ ಅಂದರೆ ಮುಂದಿನದನ್ನು ಹೊಡೆಯಬೇಡಿ. ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ವ್ಯಾಡ್ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಖಾಲಿ ಮಾಡಿ, ನಳಿಗೆ ಬಿಚ್ಚಿ ಈ ತುದಿಯಿಂದ ಆ ತುದಿಗೆ ಬೆಳಕು ನೋಡಿ. ನಳಿಗೆಯ ಬಾಯಿಗೆ ಮಣ್ಣು ಮೆತ್ತಿಕೊಂಡಿದ್ದರೂ ಅಷ್ಟೇ ಅಪಾಯ.

12 ಬೋರ್ ಮತ್ತು 20 ಬೋರ್ ತೋಟಾಗಳನ್ನು ಒಂದೇ ಜೇಬಿಗೆ ಹಾಕಲೇಬೇಡಿ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಉಂಡೆ ಆಗುತ್ತವೆ ಅನ್ನುವುದರ ಮೇಲೆ ಈ ಅಂಕಿ ಬಂದಿದೆ, ಅದಕ್ಕೇ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. 12 ಬೋರ್ ಸುಮಾರು 18.5 ಮಿಲಿಮೀಟರ್, 20 ಬೋರ್ 15.6. ಚಿಕ್ಕ ತೋಟಾ ದೊಡ್ಡ ಚೇಂಬರ್ ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಅನಿಸುತ್ತದೆ. ಅದರ ಹಿಂದೆ 12 ಬೋರ್ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ, ಅದೂ ಎಡಗೈ ಇರುವ ಜಾಗದಲ್ಲೇ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಈ ಭಯಕ್ಕೇ. ಉದ್ದವನ್ನೂ ನೋಡಿ. 70 ಮಿಲಿಮೀಟರ್ ಚೇಂಬರಿಗೆ 76ರ ತೋಟಾ ಸಲೀಸಾಗಿ ಹೋಗುತ್ತದೆ, ಆದರೆ ಈಡಾಗುವಾಗ ಅದರ ಮುಂತುದಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಯಾವುದು ಸರಿ ಅಂತ ನಳಿಗೆಯ ಮೇಲೇ ಕೊರೆದಿರುತ್ತದೆ.

ಕ್ಲೀನ್ ಮಾಡುವಾಗ ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಕಣ್ಣಿಗೆ ಕನ್ನಡಕ ಹಾಕಿ. ಟ್ಯೂಬಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಅದನ್ನು ಹಿಡಿದಿರುವ ಬಿಲ್ಲೆ ತೆಗೆಯುವಾಗ ಹೆಬ್ಬೆರಳು ಅಡ್ಡ ಕೊಡದಿದ್ದರೆ ಮುಖಕ್ಕೇ ಹಾರುತ್ತದೆ. ಟ್ಯೂಬನ್ನು ಸಾಲ್ವೆಂಟ್ ಹಚ್ಚಿದ ಬಟ್ಟೆಯಿಂದ ಉಜ್ಜಿ ಒಣಗಿಸಿ. ಸ್ಪ್ರಿಂಗಿಗೆ ಎಣ್ಣೆ ಒರೆಸಿದ ಬಟ್ಟೆಯ ಸ್ಪರ್ಶ ಸಾಕು. ನಳಿಗೆಗೆ ಚೇಂಬರಿನ ಕಡೆಯಿಂದಲೇ ಬ್ರಷ್ ಹಾಕಿ. ಚೇಂಬರಿನಲ್ಲಿ ಪ್ಲಾಸ್ಟಿಕ್ ಮಸಿ ಕೂತರೆ ತೋಟಾ ಕಚ್ಚಿಕೊಳ್ಳುತ್ತದೆ. ಆಗ ಕೆಲವರು ಬಟ್ ನೆಲಕ್ಕೆ ಕುಟ್ಟಿ ಪಂಪ್ ಬಿಡಿಸುತ್ತಾರೆ. ದಯವಿಟ್ಟು ಆ ಸಾಹಸ ಬೇಡ. ಚೇಂಬರನ್ನು ಕೊನೆಗೆ ಒಣಬಟ್ಟೆಯಿಂದ ಒರೆಸಿ, ಎಣ್ಣೆ ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿಗೆ ಇಳಿದರೆ ಅದು ಕೆಡಬಹುದು. ತೋಟಾ ಎಳೆಯುವ ಕೊಕ್ಕೆಯ ಕೆಳಗಿನ ಮಸಿಯನ್ನು ಹಳೇ ಟೂತ್‌ಬ್ರಷ್ಷಿನಿಂದ ಬಿಡಿಸಿ. ಟ್ರಿಗರಿನ ಭಾಗ ಗೊತ್ತಿಲ್ಲದಿದ್ದರೆ ಬಿಚ್ಚಲು ಹೋಗಬೇಡಿ. ಜೋಡಿಸಿದ ಮೇಲೆ ಮುಂದಿನ ಮುಚ್ಚಳ ಗಟ್ಟಿ ಇದೆಯಾ ನೋಡಿ, ಸಡಿಲವಾದರೆ ನಳಿಗೆ ಅಲ್ಲಾಡುತ್ತದೆ. ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಹಿಡಿದು ತುಕ್ಕು ಖಂಡಿತ. ಬೀಗದ ಕಪಾಟಿನಲ್ಲಿ ಬರಿಗನ್ ಇಡಿ. ತೋಟಾಗಳಿಗೆ ಬೇರೆ ಜಾಗ, ಬೇರೆ ಬೀಗ.

ಟ್ರಿಗರ್ ಒತ್ತಿ ಹ್ಯಾಮರಿನ ಸ್ಪ್ರಿಂಗ್ ಸಡಿಲ ಮಾಡಿಡುವ ರೂಢಿ ಇರುವವರು ಅದಕ್ಕೆ ಮುಂಚೆ, ಪ್ರತಿ ಸಲ, ಟ್ಯೂಬ್ ಮತ್ತು ಚೇಂಬರ್ ಎರಡನ್ನೂ ಮತ್ತೆ ನೋಡಿ. ಗನ್ ಕೈಬಿಟ್ಟು ಅತ್ತ ತಿರುಗಿ ಬಂದರೂ ಮೊದಲಿನಿಂದ ನೋಡಿ. ಆ ಹಿರಿಯರು ಹೊಸ ಸ್ಪ್ರಿಂಗ್, ಹೊಸ ಫಾಲೋವರ್ ಹಾಕಿಸಿಕೊಂಡಿದ್ದಾರೆ. ದುಬಾರಿ ಭಾಗಗಳೇನೂ ಅಲ್ಲ.

ಹಳೇ ಪಂಪ್ ಗನ್ ಕೊಳ್ಳುವವರು ನಳಿಗೆಯ ಹೊಳಪು, ಮರದ ಪಾಲಿಶ್ ನೋಡಿ ಮರುಳಾಗಬೇಡಿ. ಖಾಲಿ ಮಾಡಿಸಿ, ಫಾಲೋವರ್ ಒತ್ತಿ ಬಿಟ್ಟು ನೋಡಿ, ಟ್ಯೂಬಿನ ಮುಚ್ಚಳ ತೆಗೆಸಿ ಸ್ಪ್ರಿಂಗ್ ಹೊರಗೆ ಎಳೆಸಿ, ನಕಲಿ ತೋಟಾ ಹಾಕಿ ಪಂಪ್ ಆಡಿಸಿ ನೋಡಿ. ಮಾರುವವರು ಮುಚ್ಚಳ ಬಿಚ್ಚಲು ಒಪ್ಪದಿದ್ದರೆ ಆ ಗನ್ ಅಲ್ಲೇ ಬಿಟ್ಟು ಬನ್ನಿ.