ಚಿಕ್ಕಮಗಳೂರಿನಿಂದ ಹಾಸನಕ್ಕೆ ರೈಲಲ್ಲಿ: ಸುತ್ತಾಡೋಕೆ ಸರಿ, ಅರ್ಜೆಂಟಿಗಲ್ಲ

ಮೊದಲೇ ಹೇಳಿಬಿಡುತ್ತೇನೆ, ಕೆಲಸದ ಮೇಲೆ ಹೋಗುವವರು ಸುಮ್ನೆ ಬೇಲೂರಿನ ಮೇಲೆ ಹೋಗುವ ಬಸ್ ಹತ್ತಿ. ರಸ್ತೆಯಲ್ಲಿ 60 ಕಿ.ಮೀ. ಆಸುಪಾಸು. ರೈಲಲ್ಲಾದರೆ ಕಡೂರು, ಅರಸೀಕೆರೆ ಸುತ್ತಿಕೊಂಡು ಸುಮಾರು 130! ತಲೆ ಸುತ್ತ ಕೈ ತಂದು ಮೂಗು ಹಿಡಿದ ಹಾಗೆ.

ಈ ಎರಡು ಊರು ಜೋಡಿಸೋಣ ಅಂತ ಯಾರೂ ಹಳಿ ಹಾಕಿದ್ದಲ್ಲ ನೋಡಿ. ಬೆಂಗಳೂರಿನಿಂದ ಹರಿಹರದ ಕಡೆ ಹೋಗುವ ಲೈನು 1880ರ ದಶಕದಲ್ಲಿ ಬಂತು, ಅದು ಮಲೆನಾಡಿನ ಗುಡ್ಡಕ್ಕೆ ಕೈ ಹಾಕದೆ ಬಯಲಿನಲ್ಲೇ ಅರಸೀಕೆರೆ, ಕಡೂರು, ಬೀರೂರು ಹಿಡಿದು ಹೋಯಿತು. ಮೈಸೂರಿನಿಂದ ಹಾಸನದ ಮೇಲೆ ಬಂದ ಲೈನು ಆಮೇಲೆ ಅರಸೀಕೆರೆಯಲ್ಲಿ ಅದನ್ನು ಕೂಡಿಕೊಂಡಿತು. ಚಿಕ್ಕಮಗಳೂರಿಗೆ ರೈಲು ಸಿಕ್ಕಿದ್ದು 2013ರಲ್ಲಿ. ಕಾಫಿಗೆ ಇಷ್ಟು ಹೆಸರಾದ ಊರಿಗೆ! ಅದೂ ಕಡೂರಿನಿಂದ ಒಂದು ಕವಲು, 46 ಕಿ.ಮೀ. ಅಷ್ಟೆ.

ಆದರೆ ಆ ಕವಲೇ ನನಗೆ ಜಾಸ್ತಿ ಇಷ್ಟವಾಯಿತು. ಗುಡ್ಡದ ಹಸಿರು ಹಿಂದೆ ಸರಿದು, ಸಖರಾಯಪಟ್ಟಣದ ಕಡೆ ಬರುವಷ್ಟರಲ್ಲಿ ನೆಲದ ಬಣ್ಣವೇ ಬೇರೆ, ಕಡೂರು ಮುಟ್ಟಿದಾಗ ಪೂರ್ತಿ ಬಯಲುಸೀಮೆ, ಆಮೇಲೆ ಅರಸೀಕೆರೆವರೆಗೂ ತೆಂಗಿನ ತೋಟ. ಟಿಕೆಟ್ ದುಡ್ಡಿಗೆ ಇದು ಮೋಸವಿಲ್ಲ. ಬೋಗಿಯಲ್ಲಿ ಜಾಗ ಆರಾಮಾಗಿ ಸಿಕ್ಕಿತು. ದಾರಿಯಲ್ಲಿ ಕುಡಿದ ಟೀ ಮಾತ್ರ ಬಿಸಿನೀರು, ಕಾಫಿ ಸೀಮೆಯವರು ಮನೆಯಿಂದಲೇ ಫ್ಲಾಸ್ಕ್ ತರುವುದು ಒಳ್ಳೆಯದು.

ತಲೆನೋವು ಅಂದರೆ ಅರಸೀಕೆರೆಯಲ್ಲಿ ರೈಲು ಬದಲಿಸುವುದು. ಚಿಕ್ಕಮಗಳೂರಿನಿಂದ ಯಶವಂತಪುರಕ್ಕೆ ಹೋಗುವ ಗಾಡಿ ಅಲ್ಲಿ ಇಳಿಸುತ್ತದೆ, ಹಾಸನದ ಗಾಡಿ ನಿಮಗಾಗಿ ಕಾಯುವುದಿಲ್ಲ. ಎರಡರ ಸಮಯವನ್ನೂ ಹೊರಡುವ ಮೊದಲೇ ನೋಡಿಕೊಳ್ಳಿ.

ಹಾಸನ ತಲುಪಿದ ಮೇಲೆ ಕಷ್ಟವಿಲ್ಲ, ನಾಲ್ಕು ಕಡೆಗೂ ಹಳಿ ಇದೆ. ಸಕಲೇಶಪುರದ ಘಾಟಿ ಇಳಿದು ಮಂಗಳೂರಿಗೆ ಹೋಗುವ ದಾರಿ 1979ರಲ್ಲಿ ಮುಗಿಯಿತು, ಆಗ ಮೀಟರ್ ಗೇಜ್ (ಕಿರಿದಾದ ಹಳಿ). ಅದನ್ನು ಬ್ರಾಡ್‌ಗೇಜ್ (ಅಗಲ ಹಳಿ) ಮಾಡುವುದಕ್ಕೆ ಓಡಾಟ ನಿಲ್ಲಿಸಿದವರು ಜನರನ್ನು ಮತ್ತೆ ಹತ್ತಿಸಿದ್ದು 2007ರ ಕೊನೆಗೆ. ಬೆಂಗಳೂರಿಗೂ ಮೊದಲು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಯೇ ಹೋಗಬೇಕಿತ್ತು, 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ದಾರಿ ಆಯಿತು. ಚಿಕ್ಕಮಗಳೂರಿನವರಿಗೂ ಅಂಥದ್ದೇ ಒಂದು ಬೇಕು ಅಲ್ವಾ? ಬೇಲೂರಿನ ಮೇಲೆ ಹಾಸನಕ್ಕೆ ಹಳಿ ಬಂದರೆ ಈ ಸುತ್ತು ತಪ್ಪುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಮಕ್ಕಳಿಗೆ ರಜೆ ಇದ್ದಾಗ, ಲಗೇಜ್ ಕಡಿಮೆ ಇಟ್ಟುಕೊಂಡು ಹೋಗಿ, ಬರುವಾಗ ಬಸ್ ಹಿಡಿಯಿರಿ, ಬೇಲೂರು ದೇವಸ್ಥಾನವನ್ನೂ ನೋಡಿಕೊಂಡು ಬರಬಹುದು.